ಹತ್ತಿಯ ಎಳೆ

ಮುಗ್ಗಿದ ಹತ್ತಿಯ ವಾಸನೆ ಖಾಜಾಸಾಬನ ಅಂಗಿಯಿಂದ ಬಂದಾಗ ಡಾ. ಮುರಿಗೆವ್ವನವರಿಗೆ ಅಪ್ಪನ ವಖಾರಿ, ಆ ಹತ್ತಿ ಗೋದಾಮು, ನೆನಪಾಯಿತು. ಮಳೆಗೆ ನೆನೆದ ಹತ್ತಿ ಅಂಡಿಗೆಗಳ ಸಂದಿಯಲ್ಲಿ ಕೂತು ಅವರು ಮಗ್ಗಿ ಬಾಯಿಪಾಠ ಮಾಡಿದ್ದು ಇದೇ ವಾಸನೆಯಲ್ಲಿ.

ಖಾಜಾಸಾಬ ಕಮರಿಪೇಟೆಯಲ್ಲಿ ಹತ್ತಿ ತುಂಬಿ ಗಾದಿ ಹೊಲಿಯುವವನು. ಅವನ ಬಲಗಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಹುಣ್ಣಾಗಿತ್ತು. ಕಣ್ಣಿನ ಆಸ್ಪತ್ರೆಯ ಎಳೆಯ ಡಾಕ್ಟರ್ ಗಾರ್ಗಿ ಅದನ್ನು ಮೆಲ್ಲಗೆ ಕೆರೆದು ಗಾಜಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎಳೆಗಳು ಕಂಡಿದ್ದವು. ಹತ್ತಿಯವಾದರೆ ಬಾವು ಇಳಿಸುವ ಹನಿ ಸಾಕು. ಬೂಷ್ಟಿನವಾದರೆ ಅದೇ ಹನಿ ಕಣ್ಣನ್ನೇ ತಿಂದುಬಿಡುತ್ತದೆ.

ಈ ಎರಡನ್ನೂ ಬೇರ್ಪಡಿಸಿ ತೋರಿಸಲು ಮುರಿಗೆವ್ವನವರು ಒಂದು ಕಾಲಕ್ಕೆ ಸೂಕ್ಷ್ಮದರ್ಶಕ ಹೊತ್ತು, ಕೂಲಿಗಳ ಕಣ್ಣು ನೋಡುತ್ತ ಹತ್ತಿ ಗಿರಣಿಯಿಂದ ಗಿರಣಿಗೆ ಅಲೆದಿದ್ದರು. ಹತ್ತಿಯ ಅನ್ನ ಉಂಡು ಬೆಳೆದಾಕಿ ಹತ್ತಿಗೇ ದೋಷ ಹಚ್ಚುತ್ತಾಳೆಂದು ಮಾಲೀಕರು ನಕ್ಕಿದ್ದರು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ, ಸಂಶಯ ಬಂದಾಗ ಆಸ್ಪತ್ರೆಯವರು ಅವರನ್ನೇ ಕರೆಯುತ್ತಿದ್ದರು.

"ನೀವು ಒಮ್ಮೆ ನೋಡಿದ್ರ ಸಾಕ್ರಿ ಬಾಯಾರ. ನಮ್ಮಪ್ಪನ ಕಣ್ಣ ಉಳಿಸಿದವ್ರು ನೀವ," ಎಂದ ಖಾಜಾಸಾಬ. ಪಕ್ಕದಲ್ಲಿ ಅವನ ಹೆಂಡತಿ ಶಹಜಹಾನಬೇಗಂ ಸೆರಗಿನ ತುದಿ ಹಿಡಿದು ಕೂತಿದ್ದಳು.

ಮುರಿಗೆವ್ವನವರು ಸೂಕ್ಷ್ಮದರ್ಶಕದೊಳಗೆ ಬಗ್ಗಿ ನೋಡಿದರು. ನೋಟದ ನಟ್ಟನಡುವೆ ಮಸುಕು. ಕೆಲವು ತಿಂಗಳಿಂದ ಹೀಗೇ. ಯಾರಿಗೂ ಹೇಳಿರಲಿಲ್ಲ. ಅಂದಾಜಿನ ಮೇಲೆ ಒಂದು ಮಾತು ಆಡಿದ್ದರೂ ಅಲ್ಲಿ ಯಾರೂ ಎದುರಾಡುತ್ತಿರಲಿಲ್ಲ.

"ಗಾರ್ಗಿ, ನನಗ ಕಾಣವಲ್ದವ್ವ," ಎಂದರು. "ನೀನ ನೋಡಿ ಹೇಳು. ಎಳಿ ಹತ್ತಿಯಂಗ ತಿರುವಿದ ಪಟ್ಟಿ ಅದಾವೋ, ಕಬ್ಬಿನಂಗ ನಡುನಡುವ ಗಣ್ಣು ಅದಾವೋ?"

ಖಾಜಾಸಾಬ ಹೆಂಡತಿಯ ಕಡೆ ಮುಖ ತಿರುಗಿಸಿದ. ಗಾರ್ಗಿ ಬಗ್ಗಿ, ಗಾಜನ್ನು ಅತ್ತಿತ್ತ ಸರಿಸಿ ನೋಡಿದಳು.

"ತಿರುವಿದ್ವೂ ಅದಾವ್ರಿ. ಇಲ್ಲೊಂದಕ್ಕ ಗಣ್ಣು ಐತ್ರಿ. ಟೊಂಗಿ ಒಡದೈತಿ."

"ಖರೇ ಟೊಂಗಿನೋ, ಎರಡು ಎಳಿ ಒಂದರ ಮ್ಯಾಲೊಂದು ಬಿದ್ದಾವೋ?"

ಗಾರ್ಗಿ ಮತ್ತೆ ತಿರುಪು ತಿರುಗಿಸಿದಳು. "ಟೊಂಗಿನರಿ."

"ಹತ್ತಿ ಟೊಂಗಿ ಒಡೆಯೂದಿಲ್ಲ. ಬೂಷ್ಟಿನ ಔಷಧ ಚಾಲೂ ಮಾಡು."

ಮರುದಿನದಿಂದ ಮುರಿಗೆವ್ವನವರು ದಿನಾಲೂ ಆಸ್ಪತ್ರೆಗೆ ಬಂದು, ಗಾರ್ಗಿ ಹೇಳಿದ್ದನ್ನು ಕೇಳಿಕೊಂಡು ಹೋಗುತ್ತಿದ್ದರು. ಹುಣ್ಣು ಅಂಚಿನಿಂದ ಕರಗತೊಡಗಿತು. ಒಂದು ಮಧ್ಯಾಹ್ನ ಖಾಜಾಸಾಬ ಎಡಗಣ್ಣು ಮುಚ್ಚಿಕೊಂಡು, ಕಿಟಕಿಯ ಸರಳುಗಳು ಕಾಣಿಸುತ್ತಿವೆ ಎಂದ. ಮುರಿಗೆವ್ವನವರು ಗೋಡೆ ಹಿಡಿದು ಬಂದು ಬೆಂಚಿನ ಮೇಲೆ ಕೂತರು.

ಶಹಜಹಾನಬೇಗಂ ಮನೆಯಿಂದ ತಂದ ಬುತ್ತಿ ಬಿಚ್ಚಿದಳು. ರೊಟ್ಟಿ ಮುರಿದು, ಪುಂಡಿಪಲ್ಯ ಒಳಗಿಟ್ಟು ಮಡಚಿದಳು. ಮುರಿಗೆವ್ವನವರ ಕೈ ಹಿಡಿದು ಅಂಗೈ ಬಿಡಿಸಿ, ಅದರಲ್ಲಿಟ್ಟಳು.