ಬರೆದ ಕಣ್ಣು

“ಸತ್ತೋರಿಗೆ ಕಣ್ಣು ಬರೀತಾರಲ್ಲ, ಯಾರನ್ನ ನೋಡ್ಲಿ ಅಂತ ಬರೀತಾರೋ?”

ಕರಿಬಸಮ್ಮ ಯಾರನ್ನೂ ಕೇಳಿದ್ದಲ್ಲ. ಸೊಸೆಯ ಫೋಟೋದ ಗಾಜನ್ನು ಸೆರಗಿನಿಂದ ಒರೆಸುವಾಗಲೆಲ್ಲ ಅವಳ ಬಾಯಿಂದ ಆ ಮಾತು ತಾನಾಗಿ ಬರುತ್ತಿತ್ತು. ಪಕ್ಕದಲ್ಲಿ ಕೂತು ಮೊಮ್ಮಗಳು ಮಲ್ಲಿಕಾಂಬ ಕ್ಯಾಮೆರಾದ ಲೆನ್ಸು ಒರೆಸುತ್ತಿದ್ದಳು.

ಫೋಟೋದಲ್ಲಿದ್ದವಳು ಮಲ್ಲಿಕಾಂಬಳ ತಾಯಿ. ಇವಳಿನ್ನೂ ತೊಟ್ಟಿಲು ಬಿಟ್ಟ ಮಗುವಾಗಿದ್ದಾಗ ತೀರಿಕೊಂಡವಳು. ಅಜ್ಜಂಪುರದ ಆ ಬೀದಿಗೆ ಆಗೆಲ್ಲ ಕ್ಯಾಮೆರಾ ಬರುತ್ತಿದ್ದದ್ದು ಸಾವಿನ ಹಿಂದೆಯೇ. ದೇಹವನ್ನು ಮೀಯಿಸಿ, ಗೋಡೆಗೆ ಬಿಳಿ ಪಂಚೆ ಕಟ್ಟಿ, ಅದಕ್ಕೆ ಒರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಬಳಿದು ಹಾರ ಹಾಕಿದ ಮೇಲೆ ಸ್ಟುಡಿಯೋದವರು ಬಂದು ಒಂದು ಫೋಟೋ ತೆಗೆಯುವರು. ಆಮೇಲೆ ಮುಚ್ಚಿದ ರೆಪ್ಪೆಯ ಮೇಲೆ ಕುಂಚದಿಂದ ಕಣ್ಣು ಬರೆದು, ಕಟ್ಟು ಹಾಕಿಸಿ ಕೊಡುವರು. ಮಲ್ಲಿಕಾಂಬ ಚಿಕ್ಕವಳಿದ್ದಾಗ ಆ ಕಣ್ಣುಗಳ ಎದುರು ಎಡಕ್ಕೆ ನಿಂತು, ಬಲಕ್ಕೆ ನಿಂತು, ಸ್ಟೂಲು ಹತ್ತಿ ನಿಂತು ನೋಡಿದ್ದಳು. ಅವು ಅವಳನ್ನು ಒಂದು ದಿನವೂ ನೋಡಿರಲಿಲ್ಲ.

ಈಗ ಅವಳು ಬೆಂಗಳೂರಿನಲ್ಲಿ ಫೋಟೋಗ್ರಫಿ ಓದುತ್ತಿದ್ದಳು. ಎಂಬತ್ನಾಲ್ಕರ ಬೇಸಿಗೆ ರಜೆಗೆ ಮೇಷ್ಟ್ರು ಕಾಲೇಜಿನ ಕ್ಯಾಮೆರಾ ಕೊಟ್ಟು, ಊರಿನ ಜನರ ಚಿತ್ರ ತೆಗೆದು ತಾ ಎಂದು ಕಳಿಸಿದ್ದರು. ಹಿಂದಿನ ಸಲ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ತೆಗೆದದ್ದನ್ನು ಅವರು ಬಹಳ ಹೊತ್ತು ನೋಡಿದ್ದರು. ಕ್ಯಾಮೆರಾ ಕಂಡದ್ದೇ ಅಲ್ಲಿ ಎಲ್ಲರೂ ಅಂಗಿಯ ಗುಂಡಿ ಹಾಕಿಕೊಂಡು, “ಯಾವ ಪೇಪರ್‌ಗೆ ಬರ್ತದಮ್ಮಾ?” ಎಂದು ಸೆಟೆದು ನಿಂತಿದ್ದರು.

“ಇವರೆಲ್ಲ ಕ್ಯಾಮೆರಾನ ನೋಡ್ತಿದ್ದಾರಮ್ಮ,” ಎಂದಿದ್ದರು ಮೇಷ್ಟ್ರು. “ನಿನ್ನನ್ನ ಒಬ್ಬರೂ ನೋಡಿಲ್ಲ.”

ಆ ಮಾತು ಅವಳಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತ್ತು.

ಈ ಸಲ ಎಮ್ಮೆದೊಡ್ಡಿ ಕಾವಲಿನ ಹುಲ್ಲುಬಯಲಿಗೆ ಹೋದಾಗ ದನ ಕಾಯುವ ಕರಿಯಣ್ಣ, “ಹಂಗೆ ಮೇಲೆ ಬಿದ್ರೆ ಹಸ ಬೆದರ್ತೈತೆ ಕಣವ್ವ, ಸುಮ್ಕೆ ಕೂತ್ಕೊ,” ಎಂದ. ಕೂತಳು. ಹಸು ಬಿಸಿಲು ಇಳಿಯುವವರೆಗೂ ಬೆನ್ನು ತೋರಿಸಿತು, ಕೊನೆಗೆ ತಿರುಗಿತು. ಆ ಖುಷಿಯಲ್ಲಿ ಕರಿಯಣ್ಣನ ಫೋಟೋ ತೆಗೆಯುವುದನ್ನೇ ಮರೆತು ಬಂದಿದ್ದಳು.

ರೀಲಿನಲ್ಲಿ ಕೊನೆಯದೊಂದು ಫೋಟೋ ಉಳಿದಿತ್ತು. ನಾಳೆ ರೈಲು. ಆ ಒಂದರಲ್ಲಿ ಅಜ್ಜಿ ತನ್ನನ್ನು ನೋಡಬೇಕು, ಬರೆದದ್ದಲ್ಲದ ಕಣ್ಣಿಂದ, ಇದ್ದಾಗಲೇ ನೋಡಬೇಕು. ಮೇಷ್ಟ್ರಿಗಾಗಿ ಅಲ್ಲ. ಮುಂದೆ ಈ ಗೋಡೆಯ ಮೇಲೆ ತನ್ನನ್ನು ನೋಡುವ ಒಂದು ಮುಖವಾದರೂ ಇರಲಿ ಎಂದು.

“ಇವತ್ತೇ ನನ್ನ ಕಳಿಸ್ಬಿಡ್ತೀಯೇನೇ? ಅಷ್ಟು ಅವಸರ ಏನೈತೆ?” ಎಂದು ಕರಿಬಸಮ್ಮ ಒಂದು ವಾರದಿಂದ ತಪ್ಪಿಸಿಕೊಂಡಿದ್ದಳು. ಇವತ್ತು ಮೊಮ್ಮಗಳ ಮುಖ ನೋಡಿ ಸೋತಳು. “ಆಯ್ತು. ಪೂಜೆ ಮುಗಿಸಿ ವಚನ ಹೇಳ್ಕಂತ ಕೂತಿರ್ತೀನಿ. ಮಧ್ಯ ಮಾತಾಡಿಸ್ಬೇಡ. ಮುಗಿದ್ಮೇಲೆ ಕಣ್ಣು ಬಿಡ್ತೀನಲ್ಲ, ಆಗ ಅದೇನು ಒತ್ತೀಯೋ ಒತ್ಕೊ.”

ಜಗಲಿಯಲ್ಲಿ ಬೆಳಕು ಚೆನ್ನಾಗಿತ್ತು. ಗೋಡೆಯ ಸುಣ್ಣ ಉದುರಿದ್ದು ಕಾಣದಿರಲೆಂದು ಮಲ್ಲಿಕಾಂಬ ಅಪ್ಪನ ಬಿಳಿ ಪಂಚೆ ಕಟ್ಟಿ ಚಾಪೆ ಹಾಸಿದಳು. ಕರಿಬಸಮ್ಮ ಮೂರೆಳೆ ವಿಭೂತಿಯ ಹಣೆಯೊಂದಿಗೆ ಬಂದು ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿದಳು. ದನಿ ಮೊದಲು ಕೇಳುವಷ್ಟಿತ್ತು, ಬರಬರುತ್ತ ಒಳಕ್ಕೆ ಇಳಿಯಿತು. ತುಟಿ ಅಲುಗುವುದೂ ಕಾಣದಾಯಿತು. ಕಾವಲಿನಲ್ಲಿ ಕೂತ ಹಾಗೆಯೇ ಮಲ್ಲಿಕಾಂಬ ಕ್ಯಾಮೆರಾಕ್ಕೆ ಕಣ್ಣು ಹಚ್ಚಿ ಕಾದಳು.

ಎದುರುಮನೆಯ ವಿಮಲಮ್ಮ ಬಾಗಿಲಿಗೆ ಬಂದವಳು ಇತ್ತ ನೋಡಿದಳು. ಬಿಳಿ ಪಂಚೆ, ವಿಭೂತಿ, ಮುಚ್ಚಿದ ಕಣ್ಣು, ಕ್ಯಾಮೆರಾ. “ಅಯ್ಯೋ ಶಿವನೇ!” ಎಂದು ಒಳಗೆ ಓಡಿ, ಸಂಜೆ ಮಠದ ಗದ್ದುಗೆಗೆಂದು ಕಟ್ಟಿಟ್ಟಿದ್ದ ಸೇವಂತಿಗೆ ಹಾರ ಹಿಡಿದು ಬಂದೇಬಿಟ್ಟಳು. ಹಿಂದೆ ನಾಲ್ಕಾರು ಹೆಂಗಸರು. ಮಲ್ಲಿಕಾಂಬ ಬಾಯಿ ತೆರೆಯುವಷ್ಟರಲ್ಲಿ ಹಾರ ಕೊರಳಿಗೆ ಬಿದ್ದಿತ್ತು, ವಿಮಲಮ್ಮ ಕಾಲಿಗೆ ಬಿದ್ದಿದ್ದಳು.

“ನಿನ್ನೆ ಉಪ್ಪಿನಕಾಯಿ ಕೊಟ್ರಲ್ಲತ್ತೇ! ಬಟ್ಲು ವಾಪಸ್ ಕೊಡ್ಲಿಲ್ವಲ್ಲತ್ತೇ!”

ಹೇಳುತ್ತಿದ್ದ ವಚನವನ್ನು ನಡುವೆ ಬಿಡುವ ಪದ್ಧತಿ ಕರಿಬಸಮ್ಮನಿಗೆ ಇರಲಿಲ್ಲ. ಅಷ್ಟೂ ಅಳು ಕಾಲ ಮೇಲೆ ಹರಿಯುತ್ತಿದ್ದರೂ ಕೊನೆಯ ಸಾಲು ಮುಗಿಸಿ, ಕೈ ಮುಗಿದು, ನಿಧಾನವಾಗಿ ಕಣ್ಣು ಬಿಟ್ಟಳು.

“ಯಾರೇ ವಿಮಲಿ ಹೋದೋರು?”

ವಿಮಲಮ್ಮ ಚೀರಿ ಹಿಂದಕ್ಕೆ ಬಿದ್ದಳು. “ನೀವೇ ಕಣತ್ತೆ!”

“ನಂಗೆ ಒಂದು ಮಾತು ಹೇಳ್ಬಾರ್ದಾ?”

ಜಗಲಿ ಪೂರ್ತಿ ನಕ್ಕಿತು. ಅಳುತ್ತಿದ್ದವರೇ ಜಾಸ್ತಿ ನಕ್ಕರು. ಮಲ್ಲಿಕಾಂಬಳಿಗೆ ಮಾತ್ರ ನಗು ಬರಲಿಲ್ಲ. ಬಿಳಿ ಪಂಚೆಯ ಮುಂದೆ, ಹಾರದೊಳಗೆ ಕೂತ ಅಜ್ಜಿ ಅಮ್ಮನ ಫೋಟೋದ ಹಾಗೆಯೇ ಕಾಣುತ್ತಿದ್ದಳು.

“ಅಜ್ಜಿ, ಆ ಹಾರ ತೆಗಿ,” ಎಂದಳು. “ಇರೋದು ಒಂದೇ. ಹಾರ ಬೇಡ ಅಜ್ಜಿ, ನಿಂಗೆ ಕೈ ಮುಗಿತೀನಿ.”

ಕರಿಬಸಮ್ಮ ಹಾರವನ್ನು ಮೂಗಿನ ಹತ್ತಿರ ತಂದು ಮೂಸಿದಳು. ಒಳಗಿನ ಗೋಡೆಯ ಕಡೆಗೊಮ್ಮೆ ತಿರುಗಿದಳು.

“ನಿಮ್ಮಮ್ಮಂಗೆ ನಾನೇ ಹಾಕ್ದೆ. ಇದ್ರ ವಾಸನೆ ಅವ್ಳಿಗೆ ಸಿಗ್ಲಿಲ್ಲ. ನಂಗೆ ಸಿಗ್ತಾ ಐತೆ ಕಣೇ.” ಒದ್ದೆಯಾದ ಕಣ್ಣನ್ನು ಒರೆಸಿಕೊಳ್ಳದೆ, ಕ್ಯಾಮೆರಾದ ಆಚೆಗಿದ್ದ ಮೊಮ್ಮಗಳನ್ನೇ ನೇರವಾಗಿ ನೋಡಿ ಹೇಳಿದಳು: “ಹಾರ ತೆಗಿಯಲ್ಲ, ಹೋಗೇ.”