ಮೊಯ್ದಿನಾಕ ಆರಿಸಿದ ಬ್ಯಾರಲ್

ಅಬುಧಾಬಿಯ ಒಂದು ಬೇಟೆ ಸಾಮಾನಿನ ಅಂಗಡಿಯಲ್ಲಿ ಕ್ಯಾಮಿಲಸ್ ಹದಿನೇಳು ವರ್ಷಗಳಿಂದ ಸೇಲ್ಸ್‌ಮನ್. ಅಂಗಡಿಯ ಹಿಂಬದಿಯ ವರ್ಕ್‌ಶಾಪಿನಲ್ಲಿ ಕೋವಿ ರಿಪೇರಿ ಮಾಡುತ್ತಿದ್ದವರು ಉಪ್ಪಿನಂಗಡಿ ಕಡೆಯ ಮೊಯ್ದಿನಬ್ಬ. ಕ್ಯಾಮಿಲಸ್‌ಗಿಂತ ಹತ್ತು ವರ್ಷ ದೊಡ್ಡವರು. ಅರಬರಿಗೆ ಅವರು ಉಸ್ತಾದ್, ಕ್ಯಾಮಿಲಸ್‌ಗೆ ಮೊಯ್ದಿನಾಕ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದೇ ಕಟ್ಟಡದಲ್ಲಿ ಇಬ್ಬರ ಮನೆ. ಬೆಳಿಗ್ಗೆ ಕ್ಯಾಮಿಲಸ್‌ನ ಕಾರಿನಲ್ಲಿ ಒಟ್ಟಿಗೆ ಹೊರಟರೆ ಸಂಜೆ ಒಟ್ಟಿಗೇ ಮರಳುತ್ತಿದ್ದರು. ಕೋವಿಯ ಬಗ್ಗೆ ಕ್ಯಾಮಿಲಸ್‌ಗೆ ಗೊತ್ತಿದ್ದದ್ದೆಲ್ಲ ಮೊಯ್ದಿನಬ್ಬ ಕಲಿಸಿದ್ದು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಹಳೆಯ ಗಿರಾಕಿ ಅಬು ರಾಶಿದ್ ತಮ್ಮ ಶಾಟ್‌ಗನ್ ಹಿಡಿದು ಬಂದರು. ಬಾತುಕೋಳಿ ಹೊಡೆಯುವ ಉದ್ದ ಬ್ಯಾರಲ್‌ನ ಕೋವಿ. ನವೆಂಬರಿನಲ್ಲಿ ಅಮೆರಿಕದ ಸ್ನೇಹಿತನೊಬ್ಬನ ಜಮೀನಿಗೆ ಜಿಂಕೆ ಬೇಟೆಗೆ ಹೊರಟಿದ್ದರು.

"ಅಲ್ಲಿ ರೈಫಲ್ ಮಾಫಿ, ಒಯ್ಯುವಂತಿಲ್ಲ. ಶಾಟ್‌ಗನ್ ಮಾತ್ರವಂತೆ. ಸ್ಲಗ್ ಹೊಡೆಯುವ ಬ್ಯಾರಲ್ ಬೇಕು," ಎಂದರು.

ಹಲವು ಸಣ್ಣ ಚರೆಗಳ ಬದಲು ಒಂದೇ ದೊಡ್ಡ ಗುಂಡು ಇರುವ ತೋಟೆಗೆ ಸ್ಲಗ್ ಎನ್ನುತ್ತಾರೆ. ಅವರ ಕೋವಿಗೆ ಹೊಂದುವ ಎರಡು ಗಿಡ್ಡ ಬ್ಯಾರಲ್‌ಗಳನ್ನು ಕ್ಯಾಮಿಲಸ್ ಮೇಜಿನ ಮೇಲಿಟ್ಟ. ಒಂದರ ಒಳಮೈ ನಯ, ಇನ್ನೊಂದರ ಒಳಗೆ ಉದ್ದಕ್ಕೂ ಸುರುಳಿ ಗೀರು. ಅಬು ರಾಶಿದ್ ಅವನ್ನು ಮುಟ್ಟಲೂ ಇಲ್ಲ.

"ಉಸ್ತಾದರನ್ನು ಕರೆ."

ಮೊಯ್ದಿನಬ್ಬ ಎರಡೂ ಕೈಗಳನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ಬಂದರು.

"ಎಷ್ಟು ದೂರದಿಂದ ಹೊಡೆಯುತ್ತೀರಿ?"

"ಕಾಡಿನ ಅಂಚಿನಲ್ಲಿ ಕೂರುವುದು. ಎದುರಿಗೆ ಜೋಳದ ಹೊಲ. ನೂರು ಗಜ ಆದೀತು."

"ಕಣ್ಣು ಹೇಗಿದೆ?"

ಅಬು ರಾಶಿದ್ ನಕ್ಕರು. "ಒಂದಕ್ಕೆ ಆಪರೇಷನ್ ಆಗಿದೆ."

"ಹಾಗಾದರೆ ನಯ ಬ್ಯಾರಲ್ ಬೇಡ. ಹತ್ತಿರದಿಂದ ಹೊಡೆಯುವವರಿಗೆ ಅದು ಸಾಕು, ನೂರು ಗಜಕ್ಕೆ ನಂಬಲಿಕ್ಕಾಗದು. ಗೀರಿನದ್ದು ತೆಗೆದುಕೊಳ್ಳಿ, ಗುಂಡು ತಿರುಗುತ್ತ ನೇರ ಹೋಗುತ್ತದೆ. ದುರ್ಬೀನು ಇದೇ ಬ್ಯಾರಲ್‌ನ ಮೇಲೆ ಕೂರುತ್ತದೆ, ಬಿಚ್ಚಿ ಹಾಕಿದರೂ ಗುರಿ ಅಷ್ಟಾಗಿ ಕದಲುವುದಿಲ್ಲ. ಪ್ಲಾಸ್ಟಿಕ್ ಕವಚದ ಸ್ಲಗ್ ಮಾತ್ರ ಹಾಕಿ. ಚರೆಯ ತೋಟೆ ಇದಕ್ಕಲ್ಲ, ಬಾತುಕೋಳಿಗೆ ಹಳೆಯ ಬ್ಯಾರಲ್ಲೇ ಇರಲಿ."

"ಖಲಾಸ್. ಉಸ್ತಾದ್ ಹೇಳಿದ್ದೇ ಆಗಲಿ."

ಮೊಯ್ದಿನಬ್ಬರ ಮುಖ ಅರಳಿತು. ಜೇಬಿನಿಂದ ಮಾತ್ರ ಕೈ ಹೊರಗೆ ಬರಲಿಲ್ಲ. ಅದೇಕೆಂದು ಕ್ಯಾಮಿಲಸ್‌ಗೆ ಗೊತ್ತಿತ್ತು. ನಾಲ್ಕು ತಿಂಗಳಿಂದ ಅವರ ಬಲಗೈ ನಡುಗುತ್ತಿತ್ತು. ಚಹಾದ ಲೋಟವನ್ನು ಅರ್ಧ ಮಾತ್ರ ತುಂಬಿಸಿಕೊಳ್ಳುತ್ತಿದ್ದರು. ವಯಸ್ಸಾಯಿತು ಎಂದುಕೊಂಡು ಕ್ಯಾಮಿಲಸ್ ಏನೂ ಕೇಳಿರಲಿಲ್ಲ.

ಮರುದಿನ ಮಧ್ಯಾಹ್ನ ಬ್ಯಾರಲ್ ಜೋಡಿಸಿದ ಕೋವಿ ಕೌಂಟರಿಗೆ ಬಂತು. ತಪಾಸಣೆಯ ಚೀಟಿಯಲ್ಲಿ ಮೊಯ್ದಿನಬ್ಬರ ಸಹಿಯಿತ್ತು, ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು. ಕ್ಯಾಮಿಲಸ್ ಬ್ಯಾರಲ್ ಬಿಚ್ಚಿ ದೀಪಕ್ಕೆ ಹಿಡಿದ. ಬೆಳಕು ಕಾಣಿಸಲಿಲ್ಲ.

ಸರಳು ತುರುಕಿ ದೂಡಿದಾಗ ಎಣ್ಣೆ ಹಿಡಿದ ಬಟ್ಟೆಯ ಉಂಡೆಯೊಂದು ಹೊರಬಿತ್ತು. ಒರೆಸುವಾಗ ಸರಳಿನಿಂದ ಜಾರಿ ಒಳಗೇ ಉಳಿದಿತ್ತು. ಆ ಬ್ಯಾರಲ್‌ನಲ್ಲಿ ಗುಂಡು ಹಾರಿಸಿದ್ದರೆ ಕೋವಿ ಅಬು ರಾಶಿದರ ಮುಖದ ಹತ್ತಿರವೇ ಸಿಡಿಯುತ್ತಿತ್ತು.

ಬಟ್ಟೆಯನ್ನು ಜೇಬಿಗೆ ಹಾಕಿಕೊಂಡು, ಎಲ್ಲ ತಿರುಪುಗಳನ್ನು ತಾನೇ ಬಿಗಿ ಮಾಡಿ, ಕೋವಿಯನ್ನು ಕೊಟ್ಟು ಕಳಿಸಿದ. ಸಂಜೆ ಕಾರಿನಲ್ಲಿ ಆ ಬಟ್ಟೆಯನ್ನು ಮೊಯ್ದಿನಬ್ಬರ ಮಡಿಲಲ್ಲಿಟ್ಟ.

"ಎಂತ ಇದು?"

"ಬ್ಯಾರಲ್ ಒಳಗೆ ಇತ್ತು ಮೊಯ್ದಿನಾಕ. ಅಬು ರಾಶಿದರದ್ದು."

ಮೊಯ್ದಿನಬ್ಬ ಬಟ್ಟೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ಯಾರಿಗೆಲ್ಲ ಹೇಳಿದ್ದಿ?"

"ಯಾರಿಗೂ ಇಲ್ಲ."

"ಪಾರ್ಕಿನ್ಸನ್ ಅಂತೆ. ಮೇ ತಿಂಗಳಲ್ಲೇ ಡಾಕ್ಟರ್ ಹೇಳಿದ್ದು. ಮನೆಯಲ್ಲಿ ಸಕೀನಳಿಗೂ ಪೂರ್ತಿ ಹೇಳ್ಲಿಲ್ಲ. ಮಾತ್ರೆ ತಗೊಂಡ್ರೆ ಎರಡು ಗಂಟೆ ಸರಿ ಇರ್ತದೆ." ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು. "ಡಿಸೆಂಬರ್ ತನಕ ಸುಮ್ಮನಿರು ಮಾರಾಯ. ಆಮೇಲೆ ನಾನೇ ಬಿಡ್ತೇನೆ. ನಾನಾಗಿ ಹೋಗ್ಬೇಕು ನನಗೆ, ಯಾರೂ ಹೋಗು ಅನ್ನುದು ಬೇಡ."

"ಆಯ್ತು. ನಾನು ಹೇಳುದಿಲ್ಲ," ಎಂದ ಕ್ಯಾಮಿಲಸ್.

ಅಂದಿನಿಂದ ವರ್ಕ್‌ಶಾಪಿನಿಂದ ಬಂದ ಪ್ರತಿಯೊಂದು ಕೋವಿಯನ್ನೂ ಅವನು ಬಿಚ್ಚಿ ನೋಡುತ್ತಿದ್ದ. ಒಂದರಲ್ಲಿ ದುರ್ಬೀನಿನ ತಿರುಪು ಸಡಿಲವಾಗಿತ್ತು. ಇನ್ನೊಂದರಲ್ಲಿ ಏನೂ ತಪ್ಪಿರಲಿಲ್ಲ, ಆದರೂ ಮೂರು ಸಲ ನೋಡಿದ. ಅಕ್ಟೋಬರಿನಲ್ಲಿ ಅವನಿಗೆ ಜ್ವರ ಬಂದು ಎರಡು ದಿನ ಮಲಗಬೇಕಾಯಿತು. ಹೆಂಡತಿ ಮಾರ್ಟಿನಾ ಗಂಜಿ ತಂದರೆ ಬೇಡವೆಂದ. ಆ ಎರಡು ದಿನ ಅಂಗಡಿಯಿಂದ ಹೊರಗೆ ಹೋದ ಕೋವಿಗಳನ್ನು ನೋಡಿದವರು ಯಾರು?

ಅವನು ಎಲ್ಲವನ್ನೂ ಹೇಳಿದ ಮೇಲೆ ಮಾರ್ಟಿನಾ ಮಂಚದ ಅಂಚಿನಲ್ಲಿ ಕೂತಳು.

"ನೀನು ಹೇಳಿದ್ರೆ ಅವರು ನಿನ್ನ ಮುಖ ನೋಡ್ಲಿಕ್ಕಿಲ್ಲ," ಎಂದಳು. "ಆದ್ರೆ ಹೇಳದೆ ಇರ್ಲಿಕ್ಕೆ ಆಗ್ತದಾ ನಿನ್ನಿಂದ?"

ಆಗಲಿಲ್ಲ. ಕೆಲಸಕ್ಕೆ ಮರಳಿದ ದಿನವೇ ಕ್ಯಾಮಿಲಸ್ ಮ್ಯಾನೇಜರರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನಡೆದದ್ದನ್ನೆಲ್ಲ ಹೇಳಿ, ಮೊಯ್ದಿನಬ್ಬರನ್ನು ಕೆಲಸದಿಂದ ತೆಗೆಯದೆ ಕೌಂಟರಿಗೆ ಹಾಕಬೇಕು, ಬ್ಯಾರಲ್ ಆರಿಸಿಕೊಡುವುದರಲ್ಲಿ ಅವರಂಥವರು ಯಾರೂ ಇಲ್ಲ ಎಂದು ಕೇಳಿಕೊಂಡ. ಮ್ಯಾನೇಜರ್ ಹೂಂಗುಟ್ಟಿ, ಎದ್ದು ನೇರವಾಗಿ ವರ್ಕ್‌ಶಾಪಿಗೆ ನಡೆದರು.

ಒಂದು ದುರ್ಬೀನು, ಒಂದು ಬ್ಯಾರಲ್, ನಾಲ್ಕು ಸಣ್ಣ ತಿರುಪುಗಳನ್ನು ಮೊಯ್ದಿನಬ್ಬರ ಮೇಜಿನ ಮೇಲಿಟ್ಟರು. "ಉಸ್ತಾದ್, ಇದನ್ನು ನನ್ನೆದುರಿಗೆ ಕೂರಿಸಿ."

ಮೊಯ್ದಿನಬ್ಬ ಬಾಗಿಲಲ್ಲಿ ನಿಂತಿದ್ದ ಕ್ಯಾಮಿಲಸ್‌ನನ್ನು ಒಮ್ಮೆ ನೋಡಿದರು. ಅವರಿಗೆ ಎಲ್ಲ ತಿಳಿಯಿತು. ಕನ್ನಡಕ ಹಾಕಿಕೊಂಡು ಮೊದಲ ತಿರುಪು ಎತ್ತಿದರು. ಅದು ಬೆರಳಿನಿಂದ ಜಾರಿ ಮೇಜಿನ ಮೇಲೆ ಬಿತ್ತು. ಮತ್ತೆ ಎತ್ತಿದರು, ಮತ್ತೆ ಬಿತ್ತು. ಮೂರನೆಯ ಸಲ ನೆಲಕ್ಕೆ ಬಿದ್ದು ಉರುಳಿತು. ಕ್ಯಾಮಿಲಸ್ ಹೆಕ್ಕಲು ಬಗ್ಗಿದ.

"ಬಿಡು," ಎಂದರು ಮೊಯ್ದಿನಬ್ಬ.

ತಾವೇ ಮೊಣಕಾಲೂರಿ ಹುಡುಕಿ, ತಿರುಪನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು. ಏಪ್ರನ್ ಬಿಚ್ಚಿ ಮಡಚಿಟ್ಟರು. ಕೌಂಟರಿನಲ್ಲಿ ಕೂರುತ್ತೀರಾ ಎಂದು ಮ್ಯಾನೇಜರ್ ಕೇಳಿದ್ದಕ್ಕೆ ಬೇಡವೆಂದು ತಲೆಯಾಡಿಸಿದರು. ಕ್ಯಾಮಿಲಸ್ ಕಾರಿನ ಕೀ ಹಿಡಿದು ಹೊರಗೆ ಓಡುವಷ್ಟರಲ್ಲಿ ಅವರು ಟ್ಯಾಕ್ಸಿ ಹತ್ತಿಯಾಗಿತ್ತು.

ಆಮೇಲೆ ಕ್ಯಾಮಿಲಸ್ ಮೂರು ಸಲ ಅವರ ಮನೆಯ ಬೆಲ್ ಒತ್ತಿದ. ಮೂರು ಸಲವೂ ಬಾಗಿಲು ತೆರೆದದ್ದು ಹೆಂಡತಿ ಸಕೀನ. "ಮಲಗಿದ್ದಾರೆ," ಎನ್ನುತ್ತಿದ್ದರು. ಒಳಗಿನಿಂದ ಮೊಯ್ದಿನಬ್ಬರ ಕೆಮ್ಮು ಕೇಳಿಸುತ್ತಿತ್ತು. ವೀಸಾ ರದ್ದಾಗಿ ಗಂಡ ಹೆಂಡತಿ ಊರಿಗೆ ಹೋದದ್ದು ಒಂದು ಶುಕ್ರವಾರ. ಕ್ಯಾಮಿಲಸ್‌ಗೆ ಅದು ಗೊತ್ತಾದದ್ದು ಶನಿವಾರ, ವಾಚ್‌ಮ್ಯಾನ್ ಹೇಳಿದ ಮೇಲೆ.

ಅಬು ರಾಶಿದ್ ಬೇಟೆ ಮುಗಿಸಿ ಕ್ಷೇಮವಾಗಿ ಬಂದರು. ಒಂದೂ ಜಿಂಕೆ ಸಿಗಲಿಲ್ಲವಂತೆ, ಆದರೆ ಗುರಿ ಹಲಗೆಯ ಮೇಲೆ ನೂರು ಗಜದಿಂದ ಹೊಡೆದ ಮೂರು ಗುಂಡೂ ಅಂಗೈಯಗಲದೊಳಗೆ ಬಿದ್ದವಂತೆ. ಅದನ್ನಾದರೂ ತಿಳಿಸೋಣವೆಂದು ಕ್ಯಾಮಿಲಸ್ ಮಧ್ಯಾಹ್ನದ ಬಿಡುವಿನಲ್ಲಿ ಕಾರಿನಲ್ಲಿ ಕೂತು ಉಪ್ಪಿನಂಗಡಿಗೆ ಫೋನ್ ಮಾಡಿದ. ಸಕೀನ ಎತ್ತಿಕೊಂಡರು. ಅವನು ಹೇಳಿದ್ದನ್ನೆಲ್ಲ ಕೇಳಿ, ಫೋನಿಗೆ ಕೈ ಅಡ್ಡ ಹಿಡಿದು ಯಾರೊಂದಿಗೋ ಬ್ಯಾರಿ ಭಾಷೆಯಲ್ಲಿ ಮಾತಾಡಿದರು.

"ಕ್ಯಾಮಿಲಸ್, ನಿನ್ನ ಮೇಲೆ ಕೋಪ ಇಲ್ಲ ಅಂತೆ. ನೀನು ಮಾಡಿದ್ದು ಸರಿಯೇ ಅಂತೆ," ಎಂದರು. "ಆದ್ರೆ ಇನ್ನು ಫೋನ್ ಮಾಡ್ಬೇಡ ಅಂತ ಹೇಳ್ಲಿಕ್ಕೆ ಹೇಳಿದ್ರು. ನಿನ್ನ ಸ್ವರ ಕೇಳಿದ ದಿನ ಅವರಿಗೆ ಊಟ ಸೇರುದಿಲ್ಲ ಮಗ."

"ಆಯ್ತು ಅಕ್ಕ," ಎಂದ ಕ್ಯಾಮಿಲಸ್.

ಫೋನ್ ಕಟ್ಟಾಯಿತು. ಅವನು ಸ್ಟಿಯರಿಂಗಿಗೆ ಹಣೆಯೊತ್ತಿ, ಬಿಡುವಿನ ಸಮಯ ಮುಗಿಯುವವರೆಗೂ ಅತ್ತ.