ಕಂಡುಕೊಂಡರು

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಪ್ರೊಫೆಸರ್ ಶಂಕರನಾರಾಯಣ ತಮ್ಮ ವಿದ್ಯಾರ್ಥಿನಿ ಗಗನಾಳ ಪಿಎಚ್.ಡಿ. ಪ್ರಬಂಧದಲ್ಲಿ ಒಂದು ಪದ ಹೊಡೆದುಹಾಕಿದರು. ‘ಕರಿಯಮ್ಮ ಕಂಡುಕೊಂಡರು’ ಎಂದಿದ್ದದ್ದು ಕೆಂಪು ಶಾಯಿಯಲ್ಲಿ ‘ಕರಿಯಮ್ಮ ನಂಬುತ್ತಾರೆ’ ಎಂದಾಯಿತು.

“ಇದೊಂದು ತಿದ್ಕೊಂಡು ಬಾಮ್ಮ, ಕೂತಲ್ಲೇ ಸಹಿ ಹಾಕಿಕೊಡ್ತೀನಿ” ಎಂದರು.

ಮಾರ್ಗದರ್ಶಕರ ಸಹಿಯಿಲ್ಲದೆ ಪ್ರಬಂಧ ಸಲ್ಲಿಸುವಂತಿರಲಿಲ್ಲ. ಗಡುವು ಶುಕ್ರವಾರ. ಪ್ರಬಂಧ ಸಲ್ಲಿಸದ ಅತಿಥಿ ಉಪನ್ಯಾಸಕರಿಗೆ ಜೂನ್‌ನಿಂದ ಪಾಠವಿಲ್ಲ ಎಂದು ಗಗನಾ ಪಾಠ ಮಾಡುತ್ತಿದ್ದ ಶಿವಮೊಗ್ಗದ ಕಾಲೇಜು ಹೇಳಿಯಾಗಿತ್ತು.

ಪ್ರಬಂಧದ ವಿಷಯ ಜ್ಞಾನ. ಪ್ರಾಗ್ಮಾಟಿಸಂ ಎಂಬ ತತ್ವಪಂಥ ಕೇಳುವ ಪ್ರಶ್ನೆ ಅದರ ಒಂದು ಕಾಲು: ಒಂದು ಮಾತು ನಿಜವಾದರೆ ಬದುಕಿನಲ್ಲಿ ಏನು ವ್ಯತ್ಯಾಸವಾಗುತ್ತದೆ? ಸ್ತ್ರೀವಾದ ಕೇಳುವ ಪ್ರಶ್ನೆ ಇನ್ನೊಂದು: ಬಲ್ಲವರು ಎಂದು ನಾವು ಯಾರನ್ನು ಎಣಿಸುತ್ತೇವೆ, ಯಾರನ್ನು ಬಿಡುತ್ತೇವೆ? ನಾಲ್ಕನೇ ಅಧ್ಯಾಯದಲ್ಲಿ ಇವೆರಡಕ್ಕೂ ಉದಾಹರಣೆಯಾಗಿ ನಿಂತವರು ಭದ್ರಾವತಿಯ ಕರಿಯಮ್ಮ, ಗಗನಾಳ ಸೋದರತ್ತೆ.

ಕಾಗದನಗರದ ಪಕ್ಕದ ಬಾಡಿಗೆ ಮನೆಯಲ್ಲಿ ಕರಿಯಮ್ಮನ ತೊಗರಿಬೇಳೆ ಬೇಯುವುದನ್ನು ನಿಲ್ಲಿಸಿತ್ತು. ಕುಕ್ಕರ್ ಎಷ್ಟು ಕೂಗಿದರೂ ಕಾಳು ಕಾಳಾಗಿಯೇ ಉಳಿಯುತ್ತಿತ್ತು. ಮೊದಲು ಅವರು ಪುಟ್ಟಪ್ಪನ ಅಂಗಡಿಗೆ ಹೋಗಿ, ಹಳೇ ಬೇಳೆ ಮಾರುತ್ತೀಯಾ ಎಂದು ನಾಲ್ಕು ಜನರೆದುರು ಅವನ ಮಾನ ಕಳೆದರು. ಬೇರೆ ಅಂಗಡಿಯ ಬೇಳೆಯೂ ಬೇಯಲಿಲ್ಲ. ಆಗ ಮನೆ ಮಾಲೀಕರು ಹೊಸದಾಗಿ ಹಾಕಿಸಿದ್ದ ಬೋರಿನ ಮೇಲೆ ಅನುಮಾನ ಬಂತು. ಎದುರುಮನೆಯ ಕಾಳಮ್ಮನಿಂದ ಒಂದು ಕೊಡ ನಲ್ಲಿ ನೀರು ತಂದು, ಪುಟ್ಟಪ್ಪನದೇ ಬೇಳೆಯನ್ನು ಎರಡು ಪಾಲು ಮಾಡಿ, ಒಂದನ್ನು ನಲ್ಲಿ ನೀರಲ್ಲಿ, ಇನ್ನೊಂದನ್ನು ಬೋರಿನ ನೀರಲ್ಲಿ ಇಟ್ಟರು. ನಲ್ಲಿ ನೀರಿನದು ಬೆಣ್ಣೆಯ ಹಾಗೆ ಬೆಂದಿತು, ಬೋರಿನ ನೀರಿನದು ಕಾಳಾಗಿಯೇ ಉಳಿಯಿತು. ಅಂದಿನಿಂದ ಆ ಸಾಲಿನ ಹೆಂಗಸರೆಲ್ಲ ಅಡುಗೆಗೆ ಬೋರಿನ ನೀರು ಬಿಟ್ಟರು.

“ಬೇಳೆ ಬೆಂದಿದ್ದು ನಿಜ ಇರಬಹುದು” ಎಂದರು ಶಂಕರನಾರಾಯಣ. ಅವರ ಅಜ್ಜ, ತಂದೆ ಇಬ್ಬರೂ ತರ್ಕಶಾಸ್ತ್ರ ಓದಿದವರು, ಮಾತಿನಲ್ಲಿ ಕೋಪವಿರಲಿಲ್ಲ. “ಯಾಕೆ ಬೆಂತು ಅಂತ ಅವರಿಗೆ ಗೊತ್ತಾ? ನೀರಿನ ಗಡಸುತನ ಅಂದ್ರೆ ಗೊತ್ತಾ? ಲ್ಯಾಬ್ ರಿಪೋರ್ಟ್ ತಂದು ‘ತಿಳಿದುಬಂದಿದೆ’ ಅಂತ ಬರಿ, ಒಪ್ತೀನಿ. ಇಲ್ಲದಿದ್ರೆ ನಿಮ್ಮತ್ತೆ ಬೇಳೆ ಪರೀಕ್ಷಕರ ಮುಂದೆ ಬೇಯೋದಿಲ್ಲ ಕಣಮ್ಮ.”

ಪಕ್ಕದಲ್ಲಿದ್ದ ಸಹಾಯಕ ಪ್ರಾಧ್ಯಾಪಕ ಶಿವರಾಜ್ ನಕ್ಕ. ಗಗನಾ ಹಾಳೆ ಎತ್ತಿಕೊಂಡು ಎದ್ದಳು. ‘ತಿಳಿದುಬಂದಿದೆ’ ಎಂಬ ಪದ ಭದ್ರಾವತಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳನ್ನು ಕೊರೆಯಿತು. ಯಾರಿಗೆ ತಿಳಿಯಿತು? ಎಲ್ಲಿಂದ ಬಂತು?

ಕರಿಯಮ್ಮ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದರು. ಗಗನಾ ಓದಿ ಹೇಳಿದ್ದನ್ನು ಕೇಳಿ ಅವರಿಗೆ ಸಿಟ್ಟು ಬಂದಿದ್ದು ಕೆಂಪು ಶಾಯಿಗಲ್ಲ.

“ಪುಟ್ಟಪ್ಪನ್ನ ಬೈದಿದ್ದನ್ನೂ ಬರ್ದಿದೀಯೇನೇ? ನನ್ನ ಮರ್ಯಾದೆ ತೆಗೀಬೇಕು ಅಂತಿದೀಯಾ ಮಾರಾಯ್ತಿ? ತೆಗ್ದಾಕು ಅದನ್ನ!”

“ತೆಗೀಬಹುದು ಅತ್ತೆ. ‘ನಂಬುತ್ತಾರೆ’ ಅಂತ ಬರದ್ರೆ ನೀವು ತಪ್ಪು ಮಾಡಿದ್ದೂ ಇರಲ್ಲ, ತಿದ್ಕೊಂಡಿದ್ದೂ ಇರಲ್ಲ.”

ಕರಿಯಮ್ಮ ಕೈ ನಿಲ್ಲಿಸಿದರು. “ನಂಬೋದಾ? ನಂಬೋದು ದೇವ್ರನ್ನ ಕಣೇ. ಬೇಳೆನ ಯಾರಾದ್ರೂ ನಂಬ್ತಾರಾ? ಬೇಯ್ಸಿ ನೋಡ್ದೆ.” ಆಮೇಲೆ ತುಸು ತಗ್ಗಿದ ದನಿಯಲ್ಲಿ ಹೇಳಿದರು: “ಪುಟ್ಟಪ್ಪನ ಅಂಗಡಿಗೆ ವಾಪಸ್ ಹೋಗಿ, ನಿನ್ ಬೇಳೆದೇನೂ ತಪ್ಪಿಲ್ಲ ಕಣಪ್ಪ ಅಂದೆ. ಅವ್ನು ‘ಅಂತೂ ನನ್ ಬೇಳೆ ಬೆಂತಲ್ಲ ಬಿಡಿ ಕರಿಯಮ್ಮ’ ಅಂತ ಆಡ್ಕೊಂಡ. ಅಂಗಡಿ ತುಂಬ ಜನ. ಅಷ್ಟು ಅನ್ನಿಸ್ಕೊಂಡು ತಿಳ್ಕೊಂಡಿದ್ದು ಅದು. ನಿಮ್ ಮೇಷ್ಟ್ರು ಹೇಗೆ ನಂಬ್ಕೆ ಅಂತಾರೆ? ಬೈದಿದ್ದೂ ಇರ್ಲಿ, ನನ್ನ ಹೆಸ್ರೂ ಇರ್ಲಿ.”

ಮರುದಿನ ಗಗನಾ ಪ್ರೊಫೆಸರ್ ಎದುರು ಅದೇ ಹಾಳೆ ಇಟ್ಟಳು. ಕೆಂಪು ಶಾಯಿಯ ಪದದ ಮೇಲೆ ನೀಲಿ ಗೆರೆ ಎಳೆದು ‘ಕಂಡುಕೊಂಡರು’ ಎಂದು ಮತ್ತೆ ಬರೆದಿದ್ದಳು.

“ಒಂದಿದ್ರೆ ಇನ್ನೊಂದಿದೆ, ಒಂದಿಲ್ಲದಿದ್ರೆ ಇನ್ನೊಂದಿಲ್ಲ. ತರ್ಕದಲ್ಲಿ ಇದು ಅನ್ವಯ, ವ್ಯತಿರೇಕ. ಅತ್ತೆ ಎರಡು ನೀರಲ್ಲಿ ಬೇಯಿಸಿ ನೋಡಿದ್ದೂ ಅದೇ. ನೀವೇ ಕಲಿಸಿದ್ದು ಸಾರ್.”

“ಅವರು ಆ ಹೆಸರಿಟ್ಟುಕೊಂಡು ಮಾಡಿದ್ದಲ್ಲವಲ್ಲ.”

“ಹೆಸರು ಇಡೋಕ್ಕಿಂತ ಮುಂಚೆ ಯಾರೂ ಹಾಗೆ ಯೋಚಿಸಿರಲಿಲ್ವಾ ಸಾರ್? ಗಡಸುತನ ಅವರಿಗೆ ಗೊತ್ತಿಲ್ಲ. ಅದನ್ನೂ ಬರೆದಿದೀನಿ. ಗೊತ್ತಿದ್ದಿದ್ದು ಯಾವ ನೀರು ಬಿಡಬೇಕು ಅಂತ.”

“ನಂಬಿಕೆ ಅನ್ನೋದು ಅವಮಾನದ ಮಾತಲ್ಲಮ್ಮ. ಗೌರವದಿಂದಲೇ ತಿದ್ದಿದ್ದು.”

“ಆ ಗೌರವವೇ ಬೇಡ ಸಾರ್. ನಿಮ್ಮಂಥವರು ತಪ್ಪಿದ್ರೆ ಅದು ತಪ್ಪು ಸಿದ್ಧಾಂತ. ನಮ್ಮತ್ತೆ ತಪ್ಪಿದ್ರೆ ಮೂಢನಂಬಿಕೆ, ಸರಿ ಇದ್ರೆ ಬರೀ ನಂಬಿಕೆ. ತಪ್ಪೋದಕ್ಕೂ ಒಂದು ಅರ್ಹತೆ ಬೇಕಲ್ಲ, ಅದನ್ನೇ ನೀವು ಹೊಡೆದುಹಾಕಿದ್ದು. ಅವರು ತಪ್ಪಿದರು, ತಿದ್ದಿಕೊಂಡರು, ಕಂಡುಕೊಂಡರು. ಮೂರೂ ಇರುತ್ತೆ.”

ಈ ಬಾರಿ ಶಿವರಾಜ್ ನಗಲಿಲ್ಲ. ಶಂಕರನಾರಾಯಣ ಹಾಳೆಯನ್ನು ಅವಳತ್ತ ತಳ್ಳಿದರು.

“ಒಂದು ಪದಕ್ಕಾಗಿ ಕೆಲಸ ಕಳ್ಕೋತೀಯಾ?”

“ಒಂದು ಪದಕ್ಕಾಗಿ ನೀವು ಸಹಿ ಹಿಡಿದಿಟ್ಕೊಂಡಿಲ್ವಾ ಸಾರ್?”

ಅವರು ಸಹಿ ಮಾಡದೆ ಪೆನ್ನಿನ ಮುಚ್ಚಳ ಹಾಕಿದರು.

ಗಗನಾ ಅಂದೇ ಮಾರ್ಗದರ್ಶಕರ ಬದಲಾವಣೆಗೆ ಅರ್ಜಿ ಕೊಟ್ಟಳು. ಶುಕ್ರವಾರದ ಗಡುವು ಮೀರಿತು. ಜೂನ್‌ನಲ್ಲಿ ಕಾಲೇಜಿನ ವೇಳಾಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಪ್ರಬಂಧ ಮರುವರ್ಷ ಬೇರೊಬ್ಬ ಮಾರ್ಗದರ್ಶಕಿಯ ಸಹಿಯೊಂದಿಗೆ ಸಲ್ಲಿಕೆಯಾಯಿತು. ನಾಲ್ಕನೇ ಅಧ್ಯಾಯದಲ್ಲಿ ‘ಕರಿಯಮ್ಮ ಕಂಡುಕೊಂಡರು’ ಎಂದೇ ಅಚ್ಚಾಗಿದೆ.